ನಾಭಾದ ಚೋಪದಾರನ ಕೋಲು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಒಳಗೊಳಗೇ ನಗುತ್ತಿದ್ದವಳು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಇಲ್ಲಿ ಅಮೆರಿಕದ ಜರ್ಮನ್‌ಟೌನಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಯಾವುದಕ್ಕೂ ಕಾರಣ ಹುಡುಕದೆ ಬಿಡುವ ಅಭ್ಯಾಸವಿಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಸಂಜೆಗೆ ಇನ್ನೂ ಕಾರಣ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಸಾಲಿನ ಕೊನೆಯ ಮನೆ ಗೆಳತಿ ಶೋಭಾಳದು. ಬೆಂಗಳೂರಿನ ಹುಡುಗಿ, ಮದುವೆಯಾದದ್ದು ಸರ್ದಾರರ ಮನೆಗೆ. ಅವಳ ಮಾವನನ್ನು ನಾವೆಲ್ಲ ಪಾಪಾಜಿ ಎನ್ನುತ್ತಿದ್ದೆವು. ಎಂಬತ್ತರ ಆಸುಪಾಸು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ನಡೆಸುತ್ತ, ಗಿರಾಕಿಗಳಿಂದಲೇ ಕನ್ನಡ ಕಲಿತವರು. ಆದರೂ ಊರು ಯಾವುದೆಂದು ಕೇಳಿದರೆ ಬೆನ್ನು ನೆಟ್ಟಗೆ ಮಾಡಿ "ನಮ್ದು ನಾಭಾ" ಎನ್ನುತ್ತಿದ್ದರು.

ಪಂಜಾಬಿನ ಪಟಿಯಾಲ, ಜೀಂದ್, ನಾಭಾ ಮೂರೂ ಒಂದೇ ವಂಶದ ಸಿಖ್ ಸಂಸ್ಥಾನಗಳಂತೆ. ದರ್ಬಾರುಗಳಲ್ಲಿ ಯಾರ ಆಸನ ಮುಂದೆ, ಯಾರದು ಹಿಂದೆ ಎಂಬುದಕ್ಕೇ ಅವರೊಳಗೆ ಮುನಿಸು. "ಅಣ್ಣತಮ್ಮಂದಿರ ಸೈಟ್ ಜಗಳ ಇರುತ್ತಲ್ಲ ಮಗಳೇ, ಹಂಗೇ. ಇವರು ಆನೆ ಮೇಲೆ ಕೂತ್ಕೊಂಡು ಮಾಡ್ತಿದ್ರು, ಅಷ್ಟೇ," ಎಂದು ಪಾಪಾಜಿ ನಗುತ್ತಿದ್ದರು. ಅವರ ತಾತ ಆ ದರ್ಬಾರಿನಲ್ಲಿ ಚೋಪದಾರ. ಮಹಾರಾಜರು ಒಳಗೆ ಬರುವ ಮೊದಲು ಬೆಳ್ಳಿಯ ಕೋಲನ್ನು ಕಲ್ಲುನೆಲಕ್ಕೆ ಬಡಿಯುವುದು ಅವರ ಕೆಲಸ. ಸದ್ದು ಕೇಳಿದೊಡನೆ ಎಲ್ಲರೂ ಎದ್ದು, ಬೆನ್ನು ತೋರಿಸದೆ ಹಿಂದೆ ಸರಿದು ಗೋಡೆ ಸೇರಬೇಕು. ನಡುವಿನ ದಾರಿ ಖಾಲಿ ಇರಬೇಕು. ನನ್ನಜ್ಜ ಮೈಸೂರಿನ ದಸರಾ ದರ್ಬಾರು ನೋಡಿಬಂದು ಮನೆಯಲ್ಲಿ ಪರಾಕು ಕೂಗಿ ತೋರಿಸುತ್ತಿದ್ದವರು. ಹಾಗಾಗಿ ನಮ್ಮಿಬ್ಬರ ಮಾತು ಮುಗಿಯುತ್ತಲೇ ಇರಲಿಲ್ಲ. "ಇಬ್ರೂ ರಾಜ್ಯ ಕಳ್ಕೊಂಡೋರ ಥರ ಕೂತಿದೀರ, ಟೀ ಆರ್ತಿದೆ," ಎಂದು ಶೋಭಾ ಛೇಡಿಸುತ್ತಿದ್ದಳು.

ಮುಂದೆ ಬ್ರಿಟಿಷರು ನಾಭಾದ ಮಹಾರಾಜರನ್ನು ಗದ್ದಿಗೆಯಿಂದ ಇಳಿಸಿದರು. ಬೆಳ್ಳಿಯ ಕೋಲು ಅರಮನೆಯಲ್ಲೇ ಉಳಿಯಿತು. ಕೆಲಸ ಹೋದ ತಾತ, ಕಬ್ಬಿಣದ ತುದಿಯ ಕೋಲೊಂದನ್ನು ಮಾಡಿಸಿಕೊಂಡು ದಿನವೂ ದೀಪ ಹಚ್ಚುವ ಹೊತ್ತಿಗೆ ಅಂಗಳದ ಕಲ್ಲಿಗೆ ಬಡಿಯುತ್ತಿದ್ದರಂತೆ. ಮುದುಕರಾಗುವವರೆಗೂ ಅದನ್ನು ಬಿಡಲಿಲ್ಲ. ಮನೆಮಂದಿಯೆಲ್ಲ ಎದ್ದು ಗೋಡೆಗೆ ಸರಿಯಬೇಕು. "ಅಜ್ಜಿ ಕೇಳೋರು, ಈಗ ಯಾರು ಬರ್ತಿದಾರೆ, ಎಮ್ಮೆನಾ ಅಂತ. ಕೇಳ್ಕೊಂಡೇ ಎದ್ದು ನಿಲ್ಲೋರು." ಆ ಅಭ್ಯಾಸ ಪಾಪಾಜಿಯ ಮೈಯಲ್ಲೇ ಉಳಿದಿತ್ತು. ಶೋಭಾ ಲಟ್ಟಣಿಗೆ ಬೀಳಿಸಿದರೂ ಅವರು ಕುರ್ಚಿಯಿಂದ ಅರ್ಧ ಎದ್ದಿರುತ್ತಿದ್ದರು.

ಆ ಬೇಸಿಗೆಯ ಸಂಜೆ ಶೋಭಾ ಫೋನ್ ಮಾಡಿದಳು. "ಸ್ವಲ್ಪ ಹೊತ್ತು ಪಾಪಾಜಿ ಜೊತೆ ಇರ್ತೀಯೇನೆ? ಸ್ವಿಮ್ಮಿಂಗ್ ಕ್ಲಾಸಿಂದ ಮಗಳನ್ನ ಪಿಕಪ್ ಮಾಡ್ಬೇಕು. ಸ್ಟಾರ್ಮ್ ಬೇರೆ ಬರ್ತಿದೆ. ಒಬ್ಬರನ್ನೇ ಬಿಡೋಕೆ ಭಯ ಕಣೇ."

ಹೋದೆ. ನಾವಿಬ್ಬರೂ ಹಿಂದಿನ ಕಿಟಕಿಯ ಬಳಿಯ ಸೋಫಾದಲ್ಲಿ ಟೀ ಹಿಡಿದು ಕೂತಿದ್ದೆವು. ಕಿಟಕಿಯಾಚೆ ಮನೆಗಿಂತ ಎತ್ತರದ ಮರ. ಆಕಾಶ ಹಸಿರುಗಪ್ಪಾಯಿತು. ಸುಂಟರಗಾಳಿಯ ಎಚ್ಚರಿಕೆ ಬಂದು ಇಬ್ಬರ ಫೋನುಗಳೂ ಒಟ್ಟಿಗೆ ಕಿರುಚಿದವು. ಬೇಸ್‌ಮೆಂಟಿಗೆ ಹೋಗೋಣವೆಂದೆ.

"ನನ್ನ ಮಂಡಿಗೆ ಆ ಮೆಟ್ಟಿಲು ಆಗಲ್ಲ. ಗಾಳಿ ತಾನೇ, ಹೋಗುತ್ತೆ. ಕೂತ್ಕೊ."

ಹಿರಿಯರು ಕೂತಿರುವಾಗ ಹೇಗೆ ಎದ್ದು ಹೋಗುವುದು? ಕೂತೆ.

ಕರೆಂಟು ಹೋಯಿತು. ಆಗ ಕೇಳಿತು, ಠಣ್ ಎಂದು, ಕಲ್ಲಿಗೆ ಕಬ್ಬಿಣ ಬಡಿದ ಸದ್ದು. ತುಸು ತಡೆದು ಮತ್ತೊಮ್ಮೆ. ಹೊರಗಿನಿಂದಲ್ಲ, ಅದೇ ಕೋಣೆಯೊಳಗಿಂದ. ಪಾಪಾಜಿ ಎದ್ದರು, ಈ ಸಲ ಪೂರ್ತಿ ಎದ್ದರು. ನನ್ನ ಮಣಿಕಟ್ಟು ಹಿಡಿದು, ಕಣ್ಣನ್ನು ಕೋಣೆಯ ನಡುವೆಯೇ ನೆಟ್ಟು, ಆ ಕೆಟ್ಟ ಮಂಡಿಗಳಲ್ಲೇ ಹಿಂದೆ ಹಿಂದೆ ಸರಿದರು. ಅವರ ಹಿಡಿತ ಅಷ್ಟು ಬಿಗಿಯಾಗಿದ್ದರಿಂದ ನಾನೂ ಸರಿದೆ. ಬೆನ್ನಿಗೆ ಗೋಡೆ ತಗುಲಿತು. ಮರುಕ್ಷಣವೇ ಮರ ಛಾವಣಿ ಸೀಳಿಕೊಂಡು ಒಳಗೆ ಬಂತು.

ಸೋಫಾ ಇದ್ದ ಕಡೆ ಬರೀ ಕೊಂಬೆ, ಎಲೆ, ಮುರಿದ ಹಲಗೆ, ಸುರಿಯುವ ಮಳೆ. ನಮ್ಮ ಪಾದದ ಹತ್ತಿರದವರೆಗೆ ಎಲೆಗಳು ಬಂದು ನಿಂತಿದ್ದವು.

"ನೀನು ಏನಾದ್ರೂ ಬಡಿದ್ಯಾ?" ಎಂದರು ಪಾಪಾಜಿ. ನಾನೂ ಅದನ್ನೇ ಕೇಳಲಿದ್ದೆ. ಅವರ ಊರುಗೋಲು ಮುಂಬಾಗಿಲ ಬಳಿ ಒರಗಿತ್ತು. ಅದರ ತುದಿಗಿದ್ದದ್ದು ರಬ್ಬರು.

ಓಡಿಬಂದ ಶೋಭಾ ಅತ್ತಳು, ಬೈದಳು. "ಕೆಳಗೆ ಹೋಗಿ ಅಂತ ಎಷ್ಟು ಸಲ ಹೇಳಿದೀನಿ ಪಾಪಾಜಿ?" ಅವರು ಗಡ್ಡದ ಧೂಳು ಕೊಡವುತ್ತ, "ದಾರಿ ಬಿಟ್ವಲ್ಲಮ್ಮ," ಎಂದಷ್ಟೇ ಹೇಳಿದರು.

ಬೇರು ಕಿತ್ತ ಸದ್ದು, ತೊಲೆ ಬಿರಿದ ಸದ್ದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಮರದ ಸದ್ದಿಗೂ ಲೋಹದ ಸದ್ದಿಗೂ ಇರುವ ವ್ಯತ್ಯಾಸ ನನಗೆ ಗೊತ್ತು. ಅಲ್ಲದೆ ಆ ಮನೆಯಲ್ಲಿ ಕಲ್ಲೇ ಇಲ್ಲ. ಆ ಕೋಣೆಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಅಲ್ಲಿ ಏನು ಬಿದ್ದರೂ ದಪ್ಪ್ ಎನ್ನುವುದೇ ಹೊರತು ಠಣ್ ಎನ್ನುವುದಿಲ್ಲ.

ಛಾವಣಿ ರಿಪೇರಿಯಾದ ಮೇಲೆ ಒಂದು ದಿನ, ನಿಮ್ಮ ತಾತನೇ ನಮ್ಮನ್ನು ಎಚ್ಚರಿಸಿದರೇನೋ ಎಂದೆ. ಪಾಪಾಜಿ ಅಲ್ಲವೆಂದು ತಲೆಯಾಡಿಸಿದರು. "ಕೋಲು ಬಡಿಯೋದು ಅಪಾಯ ಅಂತ ಹೇಳೋಕಲ್ಲ ಮಗಳೇ. ಯಾರೋ ಬರ್ತಿದಾರೆ ಅಂತ ಹೇಳೋಕೆ."

ಮರುವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಾಭಾದ ಆನೆಗಳನ್ನೂ ಮುನಿಸುಗಳನ್ನೂ ಜೆ.ಸಿ. ರಸ್ತೆಯ ಕನ್ನಡದಲ್ಲಿ ಹೇಳುವವರು ಈಗ ಯಾರೂ ಇಲ್ಲ. ನಮ್ಮ ಮನೆಯಲ್ಲಿ ಸೌಟೊಂದು ಬಿದ್ದರೂ ನಾನು ಎದ್ದು ಗೋಡೆಗೆ ಸರಿಯುತ್ತೇನೆ. ಗಂಡ ನಗುತ್ತಾರೆ. ನಡುವಿನ ಜಾಗ ಬಿಟ್ಟುಕೊಟ್ಟು ಒಂದು ಕ್ಷಣ ನಿಲ್ಲುತ್ತೇನೆ. ಆ ಸಂಜೆ ನಾವು ದಾರಿ ಬಿಟ್ಟದ್ದು ಯಾರಿಗೆಂದು ನನಗೆ ಇಂದಿಗೂ ತಿಳಿದಿಲ್ಲ.