ಸೋಮವಾರ ಮೊದಲ ಪಿರಿಯಡ್ಡು

ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಸ್ಕೇಲ್ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಮೊದಲು ಗಣಿತದ ಟೀಚರು, ಈಗ ವಿಷಯ ಪರಿವೀಕ್ಷಕಿ. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ಅದನ್ನು ಸರಿಮಾಡಿಯೇ ಕಡತ ಬಿಚ್ಚುವವರು. ಮನೆಯಲ್ಲಿ ಗಂಡ ಚಪ್ಪಲಿ ಬಿಡುವ ಜಾಗಕ್ಕೂ ಗೆರೆ ಎಳೆದಿದ್ದಾರೆ ಎಂಬ ಸುದ್ದಿ ಇತ್ತು. ಗಂಡನನ್ನು ಕೇಳಿದರೆ ಆತ ನಗುತ್ತಿದ್ದ, ಅಲ್ಲಗಳೆಯುತ್ತಿರಲಿಲ್ಲ.

ಇಂಥವರ ತಲೆಗೇ ಜಿಲ್ಲೆಯ ಎಲ್ಲ ಶಾಲೆಗಳಿಗೂ ಕಂಪ್ಯೂಟರ್ ಶಿಕ್ಷಣದ ಯೋಜನೆ ಬರೆಯುವ ಕೆಲಸ ಬಂತು. ಅಲ್ಲಿಯವರೆಗೆ ನಮ್ಮ ಶಾಲೆಗಳಲ್ಲಿ ಕಂಪ್ಯೂಟರ್ ಎಂದರೆ ಬೀಗ ಹಾಕಿದ ಕೋಣೆಯಲ್ಲಿ ಬಟ್ಟೆ ಹೊದ್ದು ಮಲಗಿದ ವಸ್ತು. ತಪಾಸಣೆಗೆ ಯಾರಾದರೂ ಬಂದರೆ ಮುಸುಕು ತೆಗೆದು, ಒರೆಸಿ, ಮತ್ತೆ ಹೊದಿಸುತ್ತಿದ್ದರು. ಮಕ್ಕಳು ಮುಟ್ಟಿದರೆ ಕೆಟ್ಟುಹೋಗುತ್ತದಲ್ಲ. ಮೇಡಂ ಯಾವ ತರಗತಿಗೆ ಏನು ಕಲಿಸಬೇಕು, ಕಲಿಸುವವರಿಗೆ ಯಾರು ಕಲಿಸಬೇಕು ಎಲ್ಲವನ್ನೂ ಬರೆದರು. ಆರನೇ ತರಗತಿಯ ಮೊದಲ ಪಾಠವನ್ನಂತೂ ತಾವೇ ಕೂತು ರಚಿಸಿದರು: ಒಂದು ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳುವುದು, ಅದೂ ಕಂಪ್ಯೂಟರಿಲ್ಲದೆ, ಬರೀ ಸೀಮೆಸುಣ್ಣದಲ್ಲಿ. ದೊಡ್ಡ ಶಾಲೆಗಳಿಗೆ ತಲಾ ಒಬ್ಬ ಮಾಸ್ತರು. ಸಣ್ಣ ಶಾಲೆಗಳಿಗೆ ಬೈಕಿನಲ್ಲಿ ಸುತ್ತುವ ಮಾಸ್ತರು, ನಾಲ್ಕು ಶಾಲೆಗೆ ಒಬ್ಬರು.

ಕಚೇರಿಯ ಮುಖ್ಯಸ್ಥರಾದ ಸಾಹೇಬರಿಗೆ ಇದರಲ್ಲಿ ಬಹಳ ಹಿಡಿಸಿದ್ದು ವೇಳಾಪಟ್ಟಿ. ಇಡೀ ಜಿಲ್ಲೆಯ ಮಕ್ಕಳು ಒಂದೇ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂರಬೇಕೆಂಬುದು ಅವರ ಕನಸು. "ಒಂದು ಜಿಲ್ಲೆ, ಒಂದು ಗಂಟೆ" ಎಂಬುದನ್ನು ಅವರು ಕನ್ನಡಿಯ ಮುಂದೆಯೂ ಹೇಳಿ ನೋಡಿರಬೇಕು. ನೇರ ಸಾಲೆಂದರೆ ಮೇಡಂಗೂ ಪ್ರಾಣ. ಹಾಗಾಗಿ ಎಲ್ಲ ಶಾಲೆಗಳಿಗೂ ವಾರಕ್ಕೊಮ್ಮೆ, ಸೋಮವಾರ ಮೊದಲ ಪಿರಿಯಡ್ಡು. ಹಾಳೆಯ ಮೇಲೆ ಅದು ಎಷ್ಟು ಲಕ್ಷಣವಾಗಿತ್ತೆಂದರೆ ಅನುಮಾನಪಡುವುದು ಯಾರಿಗೂ ಹೊಳೆಯಲಿಲ್ಲ.

ಯೋಜನೆಗೆ ಜಿಲ್ಲಾ ಶಿಕ್ಷಣ ಸಮಿತಿಯ ಒಪ್ಪಿಗೆ ಸಿಗಬೇಕಾದ ದಿನ ಬೆಳಿಗ್ಗೆ ಮೇಡಂಗೆ ಅಕ್ಕನ ಫೋನು ಬಂತು. ಅಕ್ಕ ದೂರದ ಎರಡು ಕೋಣೆಯ ಶಾಲೆಯಲ್ಲಿ ಟೀಚರು. ಈ ಸಲ ನಿನ್ನ ಮಕ್ಕಳಿಗೂ ಕಂಪ್ಯೂಟರ್ ಪಾಠ ಗ್ಯಾರಂಟಿ ಎಂದು ತಂಗಿ ಮಾತು ಕೊಟ್ಟಿದ್ದಳು.

"ಮಾಸ್ತರು ಯಾವತ್ತು ಬರ್ತಾರೆ ಅಂತ ಮಕ್ಕಳು ತಲೆ ತಿಂತಿದಾರೆ ಕಣೇ."

"ಸೋಮವಾರ ಮೊದಲ ಪಿರಿಯಡ್ಡು."

"ಮತ್ತೆ ನಮ್ಮ ಪಕ್ಕದ ಶಾಲೆಗೆ?"

"ಸೋಮವಾರ ಮೊದಲ..." ಮೇಡಂ ಅಲ್ಲಿಗೇ ನಿಂತರು.

"ಇಬ್ಬರಿಗೂ ಮಾಸ್ತರು ಒಬ್ಬರೇ ಅಲ್ವೇನೇ?" ಎಂದಳು ಅಕ್ಕ.

ಮೇಡಂ ಓಡುತ್ತಲೇ ಕಚೇರಿಗೆ ಬಂದರು. ಓಡಿದ್ದನ್ನು ನಾವು ಕಂಡದ್ದು ಅದೇ ಮೊದಲು. ಹೊಸ ಕೋಟು ತೊಟ್ಟು ಸಭೆಯ ಬಾಗಿಲಲ್ಲಿ ನಿಂತಿದ್ದ ಸಾಹೇಬರಿಗೆ ವಿಷಯ ತಿಳಿಸಿದರು. ಸಾಹೇಬರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಳಗೆ ಬಾಯಿ ಬಿಡಬೇಡಿ. ಯಾರಾದ್ರೂ ಕೇಳಿದ್ರೆ ಸಣ್ಣ ಶಾಲೆಗಳನ್ನ ಎರಡನೇ ಹಂತಕ್ಕೆ ಹಾಕಿದ್ರಾಯ್ತು."

ಎರಡನೇ ಹಂತ ಎಂಬುದು ನಮ್ಮ ಕಚೇರಿಯಲ್ಲಿ ಒಂದು ಊರಿದ್ದ ಹಾಗೆ, ಅಲ್ಲಿಗೆ ಹೋದವರು ವಾಪಸು ಬಂದದ್ದಿಲ್ಲ. ಶಾಲೆಗಳ ಗ್ರಂಥಾಲಯ, ಜಾರುಬಂಡೆ, ಹೆಣ್ಣುಮಕ್ಕಳ ಶೌಚಾಲಯ ಎಲ್ಲವೂ ಅಲ್ಲೇ ಸುಖವಾಗಿವೆ. ಅಕ್ಕನ ಶಾಲೆಯೂ ಇನ್ನು ಅಲ್ಲಿಗೇ. ಬಾಯಿ ಬಿಟ್ಟರೆ ಇಡೀ ಯೋಜನೆಯೇ ವಾಪಸಾಗಬಹುದು. ಬಿಡದಿದ್ದರೆ ಮೊದಲ ಸೋಮವಾರವೇ ಎಲ್ಲ ಬಯಲಾಗುತ್ತದೆ, ಆಗಲೂ ಹೊರಬೀಳುವವು ಸಣ್ಣ ಶಾಲೆಗಳೇ.

ಸಾಹೇಬರ ಭಾಷಣ ಮುಗಿಯಿತು, ಚಪ್ಪಾಳೆಯೂ ಆಯಿತು. ಸಮಿತಿಯ ಅಧ್ಯಕ್ಷೆ ನಿವೃತ್ತ ವೈದ್ಯೆ, ಹೆಚ್ಚು ಮಾತಿಲ್ಲದವರು. ಪೆನ್ನಿನ ಮುಚ್ಚಳ ತೆಗೆದು, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಮೇಡಂ ಎದ್ದರು. ಸಾಹೇಬರು ಕೆಮ್ಮಿದರು. ಮೇಡಂ ಕೂರಲಿಲ್ಲ. ಎದುರಿಗಿದ್ದ ನಾಲ್ಕು ಚಹಾ ಲೋಟಗಳನ್ನು ದೂರ ದೂರ ಇಟ್ಟು, ತಮ್ಮ ಪೆನ್ನನ್ನು ನಡುವೆ ಇಟ್ಟರು. 

"ಇವು ಶಾಲೆಗಳು. ಈ ಪೆನ್ನು ಮಾಸ್ತರು. ಸೋಮವಾರ ಬೆಳಿಗ್ಗೆ ಇದನ್ನ ಯಾವ ಲೋಟದ ಹತ್ತಿರ ಇಡಬೇಕು ಅಂತ ನನ್ನ ಯೋಜನೆಯಲ್ಲಿ ಉತ್ತರ ಇಲ್ಲ, ಡಾಕ್ಟರೇ. ತಪ್ಪು ನಂದು."

ಸಾಹೇಬರು ತಕ್ಷಣ ಎದ್ದು ಎರಡನೇ ಹಂತದ ಮಾತೆತ್ತಿದರು. ಅಲ್ಲಿ ಈಗ ಏನೇನಿದೆ ಎಂದು ಅಧ್ಯಕ್ಷೆ ವಿಚಾರಿಸಿದರು. ಸಾಹೇಬರು ಕೋಟಿನ ಗುಂಡಿ ಸರಿಮಾಡಿಕೊಳ್ಳತೊಡಗಿದರು. ಆಗ ಅವರು ಮೇಡಂ ಕಡೆ ತಿರುಗಿ, "ಊಟದ ಹೊತ್ತಿಗೆ ಸರಿಮಾಡಿ ತನ್ನಿ, ಸಹಿ ಹಾಕ್ತೀನಿ. ಆಗಲಿಲ್ಲ ಅಂದ್ರೆ ಸಾಹೇಬರು ಹೇಳಿದ ಹಾಗೆ" ಎಂದರು.

ಆಮೇಲೆ ಶುರುವಾಯಿತು ಫೋನು. ಒಂದು ಶಾಲೆಯಲ್ಲಿ ಬುಧವಾರ ಆಟ. ಇನ್ನೊಂದರಲ್ಲಿ ಮಂಗಳವಾರ ಕೋಣೆಯ ಬೀಗದ ಕೈ ಸಿಗುವುದಿಲ್ಲ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಜವಾನನಿಗೆ ಅಂದು ರಜೆ. ಒಬ್ಬ ಹೆಡ್‌ಮಾಸ್ತರರು ಮೂರನೇ ಪಿರಿಯಡ್ಡನ್ನು ತಮ್ಮ ಪಿತ್ರಾರ್ಜಿತ ಆಸ್ತಿ ಎಂಬಂತೆ ಕಾಪಾಡಿದರು. ಮೇಡಂ ಗೀಚಿದರು, ಹೊಡೆದುಹಾಕಿದರು, ಬಾಣ ಎಳೆದರು. ಸ್ಕೇಲು ಮೇಜಿನ ಮೇಲೇ ಇತ್ತು, ಮುಟ್ಟಲಿಲ್ಲ. ಹೊರಗೆ ತಟ್ಟೆಗಳ ಸದ್ದು ಕೇಳುವ ಹೊತ್ತಿಗೆ ಎಲ್ಲ ಶಾಲೆಗಳೂ ಕೂತಿದ್ದವು, ಒಂದನ್ನು ಬಿಟ್ಟು.

"ಅಕ್ಕಾ, ಉಳಿದಿರೋದು ಶನಿವಾರ ಕೊನೇ ಪಿರಿಯಡ್ಡು ಒಂದೇ."

"ಆ ಹೊತ್ತಿಗೆ ನಮ್ಮ ಮಕ್ಕಳ ಜೀವ ಗೇಟಿನಾಚೆ ಇರುತ್ತಲ್ಲೇ." ಹಾಗೆಂದ ಅಕ್ಕ ತಾನೇ ದಾರಿ ಕಂಡುಕೊಂಡಳು. "ಹಾಕು. ಕಿಟಕಿ ಮುಚ್ಚಿಸ್ತೀನಿ."

ಮೇಡಂ ಕೊಟ್ಟ ಆ ಗೀಚುಹಾಳೆಯನ್ನು ಅಧ್ಯಕ್ಷೆ ಅಡ್ಡಡ್ಡ ತಿರುಗಿಸಿ ನೋಡಿ ಸಹಿ ಹಾಕಿದರು. ಸಾಹೇಬರು ಅಂದು ಸಂಜೆಯಿಂದಲೇ "ಒಂದು ಜಿಲ್ಲೆ, ಹಲವು ಗಂಟೆ" ಎನ್ನತೊಡಗಿದರು, ಮೊದಲಿಗಿಂತ ಹೆಚ್ಚು ಭಾವದಿಂದ.

ಮೊದಲ ಶನಿವಾರ ಮೇಡಂ ಫೋನನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಕೊನೆಯ ಪಿರಿಯಡ್ಡು ಶುರುವಾದ ಮೇಲೆ ಅದು ಹೊಡೆದುಕೊಂಡಿತು. ಮಾಸ್ತರು ಬಂದಿದ್ದಾರೆ, ಆದರೆ ಕರೆಂಟಿಲ್ಲ ಎಂದಳು ಅಕ್ಕ. "ಅಯ್ಯೋ, ಇವತ್ತೇ ಹೋಗಬೇಕಿತ್ತಾ?" ಎಂದು ಮೇಡಂ ಹಣೆ ಹಿಡಿದುಕೊಂಡರು.

"ಅದಕ್ಯಾಕೆ ಅಳು ದನಿ? ಮೊದಲ ಪಾಠಕ್ಕೆ ಕಂಪ್ಯೂಟರೇ ಬೇಡ ಅಂತ ನೀನೇ ಬರೆದಿದೀಯಲ್ಲ. ಬೋರ್ಡಿನ ಮೇಲೆ ನಡೀತಿದೆ. ಇಡು ಫೋನು, ನಾನೂ ಕೇಳಬೇಕು."