ಮೂರನೇ ವರ್ಷ ಎಷ್ಟು?

ಲಿಫ್ಟ್ ಮೆಕ್ಯಾನಿಕ್ ಅಪ್ಪನ ಜೊತೆ ಕಾಲೇಜು ನೋಡಲು ಹೊರಟರೆ ಮಗಳಿಗೆ ತಲೆಚಿಟ್ಟು ಹಿಡಿಯುತ್ತಿತ್ತು. ಎಂಜಿನಿಯರಿಂಗ್, ಬಿಸಿನೆಸ್ ಎರಡನ್ನೂ ಐದು ವರ್ಷದಲ್ಲಿ ಕಲಿಸುವ, ಕೈಗೆಟುಕುವ ಕಾಲೇಜೊಂದು ಸಿಕ್ಕಿದ್ದರೆ ಅವಳಿಗೆ ಸಾಕಿತ್ತು. ಅಪ್ಪನೋ, ಎಲ್ಲಿ ಹೋದರೂ ಮೊದಲು ಲಿಫ್ಟ್ ಹತ್ತಿ, ಬಾಗಿಲ ಕಿರುಗುಟ್ಟುವಿಕೆಗೆ ಕಿವಿಗೊಟ್ಟು, "ಇದಕ್ಕೇ ಎಣ್ಣೆ ಬಿಡದವ್ರು ಮಕ್ಕಳ ತಲೆಗೇನು ವಿದ್ಯೆ ತುಂಬ್ತಾರೆ?" ಎಂದು ಗೊಣಗುತ್ತಿದ್ದ. ಲ್ಯಾಬು ತೋರಿಸಿದರೆ ಆಕಳಿಸುತ್ತಿದ್ದ. ಮೊದಲ ವರ್ಷ ಅರ್ಧ ಫೀಸು ಸಾಕೆಂದು ಗುಮಾಸ್ತರು ಆಸೆ ತೋರಿಸಿದರೆ, "ಅದಿರ್ಲಿ ಸ್ವಾಮಿ, ಮೂರನೇ ವರ್ಷ ಎಷ್ಟು? ಬರೆದು ಕೊಡಿ" ಎಂದು ಪಟ್ಟು ಹಿಡಿಯುತ್ತಿದ್ದ. ಅರ್ಜಿಗೆ ನಾಳೆಯೇ ಕೊನೆ ದಿನ ಎನ್ನುವಾಗ, ಒಂಬತ್ತನೇ ಕಾಲೇಜಿನಲ್ಲೂ ಅದೇ ರಾಗ, ಅದೇ ಹಾಡು. "ಅಪ್ಪಾ, ಮೊದಲ್ನೇ ವರ್ಷಕ್ಕಾದ್ರೂ ಸೇರಿಸ್ತೀಯೋ ಇಲ್ವೋ?" ಎಂದು ರೇಗಿದ ಮಗಳು, ಅರ್ಜಿ ತುಂಬಲು ಪೆನ್ನಿಗಾಗಿ ಅವನ ಚೀಲಕ್ಕೆ ಕೈ ಹಾಕಿದಳು. ಸ್ಪ್ಯಾನರುಗಳ ಅಡಿಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹಳೆಯ ಗುರುತಿನ ಚೀಟಿ ಸಿಕ್ಕಿತು. ಫೋಟೋದಲ್ಲಿ ಮೀಸೆ ಚಿಗುರುತ್ತಿದ್ದ ಅಪ್ಪ. ಹಿಂಬದಿಯಲ್ಲಿ ಫೀಸು ಕಟ್ಟಿದ್ದಕ್ಕೆ ಮೊದಲ ವರ್ಷದ ಮೊಹರು, ಎರಡನೇ ವರ್ಷದ ಮೊಹರು. ಮೂರನೆಯ ಚೌಕ ಖಾಲಿಯಿತ್ತು. ಅವಳು ಚೀಟಿಯನ್ನು ಇದ್ದಲ್ಲೇ ಇಟ್ಟು, ಗುಮಾಸ್ತರತ್ತ ತಿರುಗಿ, "ಸರ್, ಮೂರನೇ ವರ್ಷ ಎಷ್ಟು? ಬರೆದು ಕೊಡಿ" ಎಂದಳು.