ಬಿಸಿಲಿಗೆ ಬೀಳುವ ಗೋಡೆ

ಮೂರ್ನಾಲ್ಕು ದಿನದಿಂದ ನಮ್ಮ ಮಲಗುವ ಕೋಣೆಯ ಗೋಡೆ ಬೆವರುತ್ತಿದೆ. ಬಣ್ಣ ಹಪ್ಪಳದ ಹಾಗೆ ಉಬ್ಬಿದೆ. ಬಚ್ಚಲಿನ ಪೈಪು ಒಳಗೆಲ್ಲೋ ಸೋರುತ್ತಿದೆಯಂತೆ. ಪ್ಲಂಬರ್ ‘ಬತ್ತೀನಿ ಮೇಡಂ’ ಅನ್ನುತ್ತಾನೆ, ಬರುವುದಿಲ್ಲ. ನನಗೆ ಮೊದಲೇ ತಾಳ್ಮೆ ಕಮ್ಮಿ. ಕೂತರೆ ಏಳುತ್ತೇನೆ, ಎದ್ದರೆ ಹೋಗಿ ಗೋಡೆ ಮುಟ್ಟುತ್ತೇನೆ. ನಿನ್ನೆ ಮುಟ್ಟಿದ ಕೈಯನ್ನು ಮೂಗಿಗೆ ಹಿಡಿದೆ... ನೆಂದ ಗೋಡೆಯ ವಾಸನೆ. ದೊಡ್ಡಮ್ಮ ನೆನಪಾದಳು.

ಸ್ವಂತ ದೊಡ್ಡಮ್ಮನಲ್ಲ. ಕೂಟಗಲ್ ಕಡೆಯ ನಮ್ಮೂರಲ್ಲಿ ಪಕ್ಕದ ಮನೆಯವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳಿಗಿದ್ದ ದೊಡ್ಡ ಚಿಂತೆಯೆಂದರೆ ನೀರು. ಮಳೆಗಾಲಕ್ಕೆ ಮೊದಲೇ ಆಳು ಕರೆಸಿ, ಒಡೆದ ಹೆಂಚು ತೆಗೆಸಿ ಕೈಯಾಡಿಸುತ್ತಿದ್ದಳು. ಇರಚಲು ಬಡಿಯುವ ಗೋಡೆಗೆ ತೆಂಗಿನ ಗರಿ ಕಟ್ಟುತ್ತಿದ್ದಳು. ಗೋಡೆ ಬುಡದಲ್ಲಿ ನೀರು ನಿಲ್ಲದ ಹಾಗೆ ತಾನೇ ಗುದ್ದಲಿ ಹಿಡಿದು ಕಾಲುವೆ ತೆಗೆಯುತ್ತಿದ್ದಳು. ತನ್ನ ಮನೆಯದು ಮುಗಿದರೆ ನಮ್ಮ ಮನೆಗೆ ಬರುತ್ತಿದ್ದಳು. ‘ಗರಿ ಕಟ್ಸಿದ್ರಾ? ಆ ಮಣ್ಣಿನ ಗುಡ್ಡೆ ಯಾಕ್ ಗೋಡೆಗೆ ಒರಗ್ಸಿದ್ದೀರಿ?’ ಅವಳು ಬರುವುದು ಕಂಡರೆ ಅಪ್ಪ ಹಿತ್ತಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದರು. ಮೋಡ ಕಂಡ್ರೆ ಇವಳಿಗೆ ಮೈಮೇಲೆ ಬತ್ತದೆ ಅಂತ ಊರೇ ಆಡಿಕೊಳ್ಳುತ್ತಿತ್ತು.

ಆ ವರ್ಷ ಅಕ್ಕ ಹೆರಿಗೆಗೆ ಬಂದಿದ್ದಳು. ನಮ್ಮದು ಮಣ್ಣಿನ ಗೋಡೆಯ ಮನೆ. ಬಾಣಂತಿಗೆ ಗಾಳಿ ತಾಗಬಾರದೆಂದು ಒಳಕೋಣೆಯ ಕಿಟಕಿಗೆ ಗೋಣಿ ಬಡಿದು, ಕಿವಿಗೆ ಹತ್ತಿ ಇಟ್ಟು, ಪಕ್ಕದಲ್ಲೊಂದು ಕೆಂಡದ ಬಾಣಲೆ... ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಆಗ ಹಿಡಿಯಿತು ಮಳೆ. ವಾರ ಕಳೆದರೂ ಬಿಡಲಿಲ್ಲ. ಅಪ್ಪ ಆ ಸಲವೂ ಗರಿ ಕಟ್ಟಿಸಿರಲಿಲ್ಲ. ಕೋಣೆಯ ಗೋಡೆ ನೀರು ಕುಡಿದು ಕಪ್ಪಗಾಯಿತು. ಅವ್ವ ಕೆಂಡದ ಬಾಣಲೆಯನ್ನು ಗೋಡೆ ಹತ್ತಿರಕ್ಕೆ ಸರಿಸಿ, ಒಣಗುತ್ತೆ ಬಿಡು ಅಂದುಕೊಂಡಳು.

ಕೊನೆಗೊಂದು ಬೆಳಿಗ್ಗೆ ಬಿಸಿಲು ಬಂತು. ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ನಾನು ಒದ್ದೆ ಬಟ್ಟೆ ಹೊತ್ತು ಹಿತ್ತಲಿಗೆ ಓಡಿದೆ. ಅಲ್ಲಿ ದೊಡ್ಡಮ್ಮ ಒಳಕೋಣೆಯ ಗೋಡೆಯನ್ನು ಹೊರಗಿನಿಂದ ಗೆಣ್ಣಿನಲ್ಲಿ ಬಡಿಯುತ್ತಾ, ಕಿವಿಗೊಟ್ಟು ಕೇಳುತ್ತಾ ನಿಂತಿದ್ದಳು. ಆಮೇಲೆ ಸೀದಾ ಒಳಕ್ಕೆ ಬಂದಳು.

‘ಬಾಣಂತೀನ ಈಚೆಗೆ ಕರ್ಕೊ ಬಾ. ನಮ್ಮನೇಲಿ ಮಲಗ್ಲಿ.’

‘ಬಿಸ್ಲು ಬಂದೈತಲ್ಲಕ್ಕ, ಇನ್ನೇನು?’ ಅಂದಳು ಅವ್ವ.

‘ಮಣ್ಣಿನ ಗೋಡೆ ಮಳೇಲಿ ಬೀಳಕ್ಕಿಲ್ಲ ಕಣವ್ವ. ನೆಂದಿದ್ದು ಬಿಸ್ಲು ಕಂಡಾಗ ಬಾಯಿ ಬಿಡ್ತದೆ. ಏಳ್ಸು.’

ಅವ್ವನ ಭಯವೇ ಬೇರೆ. ಶೀತ ಹತ್ತಿ, ಸನ್ನಿಯಾಗಿ ಸತ್ತ ಬಾಣಂತಿಯರನ್ನು ಅವಳು ಕಂಡಿದ್ದಳು. ಗೋಡೆ ಬಿದ್ದು ಸತ್ತವರನ್ನು ಕಂಡಿರಲಿಲ್ಲ. ಮಾತಿಗೆ ಮಾತು ಬೆಳೆಯಿತು. ದೊಡ್ಡಮ್ಮ ಜಗ್ಗಲಿಲ್ಲ. ಆಗ ಅವ್ವನ ಬಾಯಿಂದ ಬಂದುಬಿಟ್ಟಿತು: ‘ಹೆತ್ತಿದ್ರೆ ತಾನೆ ಬಾಣಂತನ ಅಂದ್ರೇನು ಅಂತ ನಿಂಗೆ ಗೊತ್ತಾಗೋದು.’

ದೊಡ್ಡಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳು ಬಗ್ಗಿ ಕೂಸನ್ನೆತ್ತಿ, ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ನಡೆದೇಬಿಟ್ಟಳು. ಹೆತ್ತವಳು ಬಿಟ್ಟಾಳೆಯೇ? ಅಕ್ಕ ಕಂಬಳಿ ಎಳೆದುಕೊಂಡು ‘ನನ್ ಮಗೀನ ಕೊಡು’ ಅನ್ನುತ್ತಾ ಹಿಂದೆ ಓಡಿದಳು. ಅವಳ ಹಿಂದೆ ಬೈಯುತ್ತಾ ಅವ್ವ, ಅವ್ವನ ಹಿಂದೆ ನಾನು.

ಮಧ್ಯಾಹ್ನವಾದರೂ ದೊಡ್ಡಮ್ಮನ ಜಗಲಿಯಲ್ಲಿ ಜಗಳ ಮುಗಿದಿರಲಿಲ್ಲ. ಹೊಲದಿಂದ ಬಂದ ಅಪ್ಪ, ಸಂಜೆಗೆ ವಾಪಸ್ ಕಳ್ಸು ಅಂತ ರಾಜಿ ಮಾಡಿಸುತ್ತಿದ್ದರು. ಅಷ್ಟರಲ್ಲಿ ಗಾಡಿಯಿಂದ ಮಣ್ಣು ಸುರಿದಂಥ ಸದ್ದಾಯಿತು. ಹೋಗಿ ನೋಡಿದರೆ ಒಳಕೋಣೆಯಿಂದ ಹಿತ್ತಲ ಹುಣಸೆಮರ ಕಾಣುತ್ತಿತ್ತು. ಅಕ್ಕ ಮಲಗುತ್ತಿದ್ದ ಜಾಗದ ಮೇಲೆ ಎದೆಮಟ್ಟ ಮಣ್ಣು, ಮಣ್ಣಿನ ಸಂದಿಯಿಂದ ಕೆಂಡದ ಹೊಗೆ...

ಅವ್ವ ದೊಡ್ಡಮ್ಮನ ಕಾಲು ಹಿಡಿದುಕೊಂಡಳು. ‘ಬುಡವ್ವ, ಆಯ್ತು’ ಎಂದಳು ದೊಡ್ಡಮ್ಮ. ಸೆರಗಿನಲ್ಲಿದ್ದ ಕೂಸನ್ನು ಅಕ್ಕನ ಮಡಿಲಿಗೆ ಹಾಕಿದಳು.

ಗೋಡೆ ಮತ್ತೆ ಏಳುವ ತನಕ ನಾವೆಲ್ಲ ಅವಳ ಮನೆಯಲ್ಲೇ ಇದ್ದೆವು. ಬಾಣಂತಿಗೆ ನೀರು ಕಾಯಿಸಿದಳು, ಖಾರ ಅರೆದಳು. ಕೂಸನ್ನು ಮಾತ್ರ ಮುಟ್ಟಲಿಲ್ಲ. ಒಸಿ ಹಿಡ್ಕೊ ದೊಡ್ಡಮ್ಮ ಅಂತ ಅಕ್ಕ ಕೊಡಲು ಹೋದರೆ, ‘ಹೆತ್ತೋರು ಎತ್ಕೊಳ್ಳಿ’ ಅನ್ನುತ್ತಿದ್ದಳು. ಕೋಪವಿಲ್ಲದೆ, ಮೆತ್ತಗೆ. ಅವ್ವ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವ್ವ ಬದುಕಿರುವ ತನಕ ಆ ದಿನದ ಮಾತನ್ನು ನಮ್ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈಗ ದೊಡ್ಡಮ್ಮನೂ ಇಲ್ಲ, ಅವ್ವನೂ ಇಲ್ಲ. ಆ ಕೂಸು ಕನಕಪುರದಲ್ಲಿ ಟೀಚರಾಗಿದ್ದಾಳೆ. ನಿನ್ನೆ ಸಂಕಟ ತಡೆಯಲಾರದೆ ಅವಳಿಗೆ ಫೋನ್ ಮಾಡಿ, ದೊಡ್ಡಮ್ಮ ನೆನಪಾದಳು ಕಣೆ ಅಂದೆ.

‘ಪಕ್ಕದ್ಮನೆ ಅಜ್ಜಿನಾ? ಅದಕ್ಕೆ ನನ್ನ ಕಂಡ್ರೆ ಆಗ್ತಿರ್ಲಿಲ್ಲ ಬಿಡು ಚಿಕ್ಕಮ್ಮ. ರಜಕ್ಕೆ ಬಂದಾಗ ಹತ್ರ ಹೋದ್ರೆ ಕೈ ಎರಡೂ ಹಿಂದಕ್ಕೆ ಕಟ್ಕೊಂಡ್ಬಿಡ್ತಿತ್ತು.’

ಇಷ್ಟು ವರ್ಷ ಹಾಗೆಂದೇ ತಿಳಿದಿದ್ದಾಳೆ. ಅವ್ವನ ಮಾತನ್ನೂ ಬಿಡದೆ ಎಲ್ಲ ಹೇಳಿದೆ.

‘ಹಂಗಾದ್ರೆ ಆ ಅಜ್ಜಿ ನನ್ನ ಎತ್ಕೊಂಡಿದ್ದು ಅದೊಂದೇ ಸಲನಾ?’ ಅಂದಳು.

ಅದೊಂದೇ ಸಲ, ಅಂದೆ.